ಬೀಮ್, ಟ್ರಸ್, ಫ್ರೇಮ್: ಯಾವ ಲೆಕ್ಕಕ್ಕೆ ಯಾವ ವಿಧಾನ?

ಬೀಮ್ (ಅಡ್ಡ ತೊಲೆ), ಟ್ರಸ್ (ತ್ರಿಕೋನಗಳಾಗಿ ಜೋಡಿಸಿದ ಸರಳುಗಳ ಚೌಕಟ್ಟು), ಫ್ರೇಮ್ (ಬೀಮ್ ಮತ್ತು ಕಂಬ ಬಿಗಿಯಾಗಿ ಸೇರಿದ ಚೌಕಟ್ಟು), ಇವುಗಳ ಒಳಗೆ ಎಷ್ಟು ಬಲ ಹುಟ್ಟುತ್ತದೆ, ಇವು ಎಷ್ಟು ಬಾಗುತ್ತವೆ ಎಂದು ಲೆಕ್ಕ ಹಾಕುವುದೇ ಸ್ಟ್ರಕ್ಚರಲ್ ಅನಾಲಿಸಿಸ್. ಅದರ ಪುಸ್ತಕ ಬಿಚ್ಚಿದರೆ ಸಾಲುಸಾಲು ವಿಧಾನಗಳು. ಡಬಲ್ ಇಂಟಿಗ್ರೇಷನ್, ಮೆಕಾಲೆ, ಮೊಮೆಂಟ್ ಏರಿಯಾ, ಕಾಂಜುಗೇಟ್ ಬೀಮ್, ಯೂನಿಟ್ ಲೋಡ್, ಸ್ಲೋಪ್ ಡಿಫ್ಲೆಕ್ಷನ್, ಮೊಮೆಂಟ್ ಡಿಸ್ಟ್ರಿಬ್ಯೂಷನ್, ಕಾನಿ, ಕೊನೆಗೆ ಮ್ಯಾಟ್ರಿಕ್ಸ್. ಸರಿಯಾಗಿ ಮಾಡಿದರೆ ಎಲ್ಲವೂ ಒಂದೇ ಉತ್ತರ ಕೊಡುತ್ತವೆ. ಹಾಗಾದರೆ ಇಷ್ಟೊಂದು ಯಾಕೆ ಬೇಕು ಎಂದು ಎರಡನೇ ವರ್ಷದ ಸಿವಿಲ್ ವಿದ್ಯಾರ್ಥಿ ಕೇಳುವುದು ಸಹಜ.

ಪ್ರತಿ ವಿಧಾನವೂ ಒಂದು ಬಗೆಯ ಪ್ರಶ್ನೆಗೆ ಮಾತ್ರ ಬೇಗ ಉತ್ತರಿಸುತ್ತದೆ, ಬೇರೆ ಪ್ರಶ್ನೆ ಕೇಳಿದರೆ ಪುಟಗಟ್ಟಲೆ ಬರೆಸುತ್ತದೆ. ಆದ್ದರಿಂದ "ಯಾವ ವಿಧಾನ ಒಳ್ಳೆಯದು" ಎಂದು ಕೇಳಿ ಪ್ರಯೋಜನವಿಲ್ಲ. ನಿಮಗೆ ಏನು ಬೇಕು, ಗೊತ್ತಿಲ್ಲದ ಬೆಲೆಗಳು ಎಷ್ಟಿವೆ, ಈ ಎರಡನ್ನು ಮೊದಲು ನೋಡಿಕೊಳ್ಳಬೇಕು. ಆಯ್ಕೆ ಅರ್ಧ ಅಲ್ಲೇ ಮುಗಿಯುತ್ತದೆ.

ಪೆನ್ನು ಹಿಡಿಯುವ ಮುಂಚೆ ಎಣಿಸಿ

ಸಮತೋಲನದ ಸಮೀಕರಣಗಳಷ್ಟರಿಂದಲೇ ಎಲ್ಲ ಬಲಗಳೂ ಸಿಕ್ಕರೆ ಅದು ಡಿಟರ್ಮಿನೇಟ್. ಸಾಲದಿದ್ದರೆ ಇಂಡಿಟರ್ಮಿನೇಟ್. ಟ್ರಸ್ ಆದರೆ ಮೆಂಬರ್‌ಗಳ (ಸರಳುಗಳ) ಸಂಖ್ಯೆ ಮತ್ತು ರಿಯಾಕ್ಷನ್‌ಗಳ (ಸಪೋರ್ಟ್ ಕೊಡುವ ಬಲಗಳ) ಸಂಖ್ಯೆ ಕೂಡಿಸಿ, ಜಾಯಿಂಟ್‌ಗಳ ಎರಡರಷ್ಟಕ್ಕೆ ಹೋಲಿಸಿ. ಸಮ ಇದ್ದರೆ ಡಿಟರ್ಮಿನೇಟ್, ಜಾಸ್ತಿ ಇದ್ದರೆ ಇಂಡಿಟರ್ಮಿನೇಟ್. ಎಣಿಕೆ ಸರಿಹೋಯಿತು ಎಂದ ಮಾತ್ರಕ್ಕೆ ಟ್ರಸ್ ನಿಲ್ಲುತ್ತದೆ ಎಂದಲ್ಲ. ಒಂದು ಚೌಕದಲ್ಲಿ ಎರಡು ಡಯಾಗೊನಲ್, ಪಕ್ಕದ ಚೌಕದಲ್ಲಿ ಒಂದೂ ಇಲ್ಲ ಎಂದರೂ ಎಣಿಕೆ ತಾಳೆಯಾಗುತ್ತದೆ, ಆದರೆ ಆ ಖಾಲಿ ಚೌಕ ಮಡಚಿಕೊಳ್ಳುತ್ತದೆ.

ಬುಡ ಫಿಕ್ಸ್ ಇರುವ ಫ್ರೇಮ್‌ಗೆ ಇನ್ನೂ ಸುಲಭ: ನೆಲವನ್ನೂ ಸೇರಿಸಿ ನೋಡಿದಾಗ ಎಷ್ಟು ಮುಚ್ಚಿದ ಚೌಕಗಳು ಕಾಣುತ್ತವೋ ಅದರ ಮೂರರಷ್ಟು ಬಲಗಳು ಹೆಚ್ಚುವರಿ. ಎರಡು ಮಹಡಿ, ಮೂರು ಬೇ (ಎರಡು ಕಂಬಗಳ ನಡುವಿನ ಅಂಕಣ) ಇರುವ ಫ್ರೇಮ್‌ನಲ್ಲಿ ಆರು ಚೌಕ, ಅಂದರೆ 18 ಹೆಚ್ಚುವರಿ ಬಲಗಳು. ಅದೇ ಫ್ರೇಮ್ ಅನ್ನು ಚಲನೆಯ ಕಡೆಯಿಂದ ನೋಡಿ. ಎಂಟು ಜಾಯಿಂಟ್‌ಗಳ ತಿರುಗುವಿಕೆ, ಎರಡು ಮಹಡಿಗಳ ಪಕ್ಕಕ್ಕೆ ಸರಿಯುವಿಕೆ, ಒಟ್ಟು 10 ಅಷ್ಟೇ. ಬಲಗಳನ್ನು ಹುಡುಕುವ ವಿಧಾನಕ್ಕೆ (ಫೋರ್ಸ್ ಮೆಥಡ್) 18 ಸಮೀಕರಣ, ಚಲನೆಗಳನ್ನು ಹುಡುಕುವ ವಿಧಾನಕ್ಕೆ 10. ಕಟ್ಟಡದ ಫ್ರೇಮ್‌ಗಳಲ್ಲಿ ಫೋರ್ಸ್ ಮೆಥಡ್ ಯಾಕೆ ಹಿಂದೆ ಸರಿಯಿತು ಎಂಬುದು ಈ ಎಣಿಕೆಯಲ್ಲೇ ಕಾಣುತ್ತದೆ.

ಒಂದೇ ಸ್ಪ್ಯಾನ್‌ನ ಬೀಮ್ ಎಷ್ಟು ಬಾಗುತ್ತದೆ?

ಎಲ್ಲಕ್ಕಿಂತ ಮೊದಲು, ಸೂತ್ರದ ಪಟ್ಟಿ ನೋಡಲು ನಾಚಿಕೆ ಬೇಡ. ಬೀಮ್ ಮೇಲೆ ಸಮನಾಗಿ ಹರಡಿದ ಲೋಡ್ ಇದ್ದು, ಎರಡೂ ತುದಿ ಸುಮ್ನೆ ಗೋಡೆ ಮೇಲೆ ಕೂತಿದ್ದರೆ ಮಧ್ಯದ ಡಿಫ್ಲೆಕ್ಷನ್ (ಬಾಗುವಿಕೆ) 5ಡಬ್ಲ್ಯುಎಲ್⁴ ಭಾಗಿಸು 384ಇಐ. ಇಲ್ಲಿ ಡಬ್ಲ್ಯು ಎಂದರೆ ಮೀಟರಿಗೆ ಬೀಳುವ ಲೋಡ್, ಎಲ್ ಎಂದರೆ ಸ್ಪ್ಯಾನ್, ಅಂದರೆ ಸಪೋರ್ಟ್‌ಗಳ ನಡುವಿನ ದೂರ. ಇ ವಸ್ತುವಿನ ಬಿಗಿತ, ಐ ಅಡ್ಡಕೊಯ್ತದ ಆಕಾರದಿಂದ ಬರುವ ಬಿಗಿತ. ಅದೇ ಬೀಮ್‌ನ ಎರಡೂ ತುದಿ ಗಟ್ಟಿಯಾಗಿ ಫಿಕ್ಸ್ ಆಗಿದ್ದರೆ 5ರ ಜಾಗದಲ್ಲಿ 1. ಐದು ಪಟ್ಟು ವ್ಯತ್ಯಾಸ! ಮಧ್ಯದಲ್ಲಿ ಒಂದೇ ಪಾಯಿಂಟ್ ಲೋಡ್ ಪಿ ಇದ್ದರೆ ಪಿಎಲ್³ ಭಾಗಿಸು 48ಇಐ, ಫಿಕ್ಸ್ ಆದರೆ 192ಇಐ. ಕ್ಯಾಂಟಿಲಿವರ್ (ಒಂದೇ ತುದಿ ಫಿಕ್ಸ್ ಆದ ಬೀಮ್) ತುದಿಗೆ ಲೋಡ್ ಬಿದ್ದರೆ ಪಿಎಲ್³ ಭಾಗಿಸು 3ಇಐ. ಈ ಐದಾರು ಸೂತ್ರಗಳನ್ನು ಕೂಡಿಸಿ ಕಳೆದು ನಿತ್ಯದ ಕೆಲಸದ ಬಹುಪಾಲು ಮುಗಿಸಬಹುದು.

ಸೂತ್ರ ಸಾಲದೆ ಹೋಗುವುದು ಲೋಡ್ ಎಲ್ಲೆಲ್ಲೋ ಬಿದ್ದಾಗ. ಅಲ್ಲಿ ನನ್ನ ಮೊದಲ ಆಯ್ಕೆ ಮೆಕಾಲೆ. ಡಬ್ಲ್ಯು. ಎಚ್. ಮೆಕಾಲೆ 1919ರಲ್ಲಿ ಬರೆದ ಪುಟ್ಟ ಟಿಪ್ಪಣಿಯಿಂದ ಇದಕ್ಕೆ ಈ ಹೆಸರು ಬಂತು. ಮಾಮೂಲಿ ಡಬಲ್ ಇಂಟಿಗ್ರೇಷನ್‌ನಲ್ಲಿ ಪ್ರತಿ ಲೋಡ್ ಬಂದಾಗಲೂ ಹೊಸ ಸಮೀಕರಣ, ಹೊಸದಾಗಿ ಎರಡು ಸ್ಥಿರಾಂಕ. ಮೂರು ಲೋಡ್ ಇದ್ದರೆ ಎಂಟು ಸ್ಥಿರಾಂಕ ಹುಡುಕಬೇಕು. ಮೆಕಾಲೆ ಬ್ರಾಕೆಟ್ ಬಳಸಿದರೆ ಇಡೀ ಬೀಮ್‌ಗೆ ಒಂದೇ ಸಮೀಕರಣ, ಎರಡೇ ಸ್ಥಿರಾಂಕ. ಬ್ರಾಕೆಟ್ ಒಳಗಿನದು, ಅಂದರೆ ಲೋಡ್ ಇರುವ ಜಾಗದಿಂದ ಮುಂದಕ್ಕೆ ಅಳೆದ ದೂರ, ನೆಗೆಟಿವ್ ಆದರೆ ಅದನ್ನು ಸೊನ್ನೆ ಎಂದುಕೊಳ್ಳಿ. ನಿಯಮ ಇಷ್ಟೇ.

ಒಂದು ಲೆಕ್ಕ ಮಾಡಿ ನೋಡೋಣ. 6 ಮೀಟರ್ ಸ್ಪ್ಯಾನ್, ಎಡ ತುದಿಯಿಂದ 4 ಮೀಟರ್ ದೂರದಲ್ಲಿ 60 ಕಿಲೋನ್ಯೂಟನ್ ಲೋಡ್. ಎಡ ರಿಯಾಕ್ಷನ್ 20, ಬಲ 40. ಲೋಡ್ ಕೆಳಗೆ ಮೊಮೆಂಟ್ (ಬೀಮ್ ಅನ್ನು ಬಾಗಿಸುವ ಪರಿಣಾಮ) 80 ಕಿಲೋನ್ಯೂಟನ್-ಮೀಟರ್. ಎರಡು ಸಲ ಇಂಟಿಗ್ರೇಟ್ ಮಾಡಿ, ಎರಡೂ ತುದಿಯಲ್ಲಿ ಡಿಫ್ಲೆಕ್ಷನ್ ಸೊನ್ನೆ ಎಂದು ಹಾಕಿದರೆ ಮೊದಲ ಸ್ಥಿರಾಂಕ −106.67, ಎರಡನೆಯದು ಸೊನ್ನೆ. ಇನ್ನು ಯಾವ ಜಾಗದ ಡಿಫ್ಲೆಕ್ಷನ್ ಬೇಕಾದರೂ ಒಂದೇ ಸಾಲಿನಲ್ಲಿ ಸಿಗುತ್ತದೆ. ಲೋಡ್ ಕೆಳಗೆ 213.3 ಭಾಗಿಸು ಇಐ. ಸ್ಪ್ಯಾನ್ ಮಧ್ಯದಲ್ಲಿ 230 ಭಾಗಿಸು ಇಐ. ಗರಿಷ್ಠ ಎಲ್ಲಿ? ಇಳಿಜಾರು ಸೊನ್ನೆಯಾಗುವ ಜಾಗ ಎಡದಿಂದ 3.27 ಮೀಟರ್, ಅಲ್ಲಿ 232.3 ಭಾಗಿಸು ಇಐ.

ಈ ಮೂರು ಸಂಖ್ಯೆಗಳನ್ನು ಸ್ವಲ್ಪ ಹೊತ್ತು ನೋಡಿ. ಲೋಡ್ ಬಿದ್ದ ಜಾಗದಲ್ಲಿ ಗರಿಷ್ಠ ಬಾಗುವಿಕೆ ಇಲ್ಲ, ಅದು ಮಧ್ಯದ ಹತ್ತಿರವೇ ಇದೆ. ಮಧ್ಯದ್ದಕ್ಕೂ ಗರಿಷ್ಠಕ್ಕೂ ಶೇಕಡಾ 1ರಷ್ಟೇ ವ್ಯತ್ಯಾಸ. ಇದು ಈ ಲೆಕ್ಕಕ್ಕೆ ಮಾತ್ರ ಅನ್ವಯಿಸುವುದಲ್ಲ. ಸಾದಾ ಸಪೋರ್ಟ್ ಇರುವ ಬೀಮ್ ಮೇಲೆ ಒಂಟಿ ಲೋಡ್ ಎಲ್ಲೇ ಬೀಳಲಿ, ಗರಿಷ್ಠ ಡಿಫ್ಲೆಕ್ಷನ್ ಆಗುವ ಜಾಗ ತುದಿಯಿಂದ ಸ್ಪ್ಯಾನ್‌ನ 0.577 ಭಾಗ ದಾಟುವುದೇ ಇಲ್ಲ. ಹಾಗಾಗಿ ಕೆಲಸದ ಲೆಕ್ಕಕ್ಕೆ ಮಧ್ಯದ ಬೆಲೆ ಸಾಕು. ಗರಿಷ್ಠ ಬಿಂದು ಹುಡುಕುವ ಶ್ರಮ ಪರೀಕ್ಷೆಗೆ ಮಾತ್ರ. ಅಲ್ಲಿ ಅದಕ್ಕೆ ಅಂಕ ಇದೆ ಅಲ್ವಾ!

ಈ ಬೀಮ್‌ಗೆ ಐಎಸ್‌ಎಂಬಿ 300 (300 ಮಿ.ಮೀ. ಎತ್ತರದ, I ಆಕಾರದ ಉಕ್ಕಿನ ಸೆಕ್ಷನ್) ಹಾಕಿದರೆ ಐ ಸುಮಾರು 8,604 ಸೆಂ.ಮೀ⁴, ಉಕ್ಕಿನ ಇ 2 ಲಕ್ಷ ಮೆಗಾಪಾಸ್ಕಲ್. ಡಿಫ್ಲೆಕ್ಷನ್ 13.5 ಮಿ.ಮೀ. ಉಕ್ಕಿನ ಕಟ್ಟಡಗಳ ಭಾರತೀಯ ಮಾನಕ ಐಎಸ್ 800:2007ರಲ್ಲಿ ಬಿರುಕು ಬಿಡುವ ಫಿನಿಶ್ ಇರುವ ಮಹಡಿಗೆ ಮಿತಿ ಸ್ಪ್ಯಾನ್‌ನ 360ನೇ ಒಂದು ಭಾಗ, ಅಂದರೆ 16.7 ಮಿ.ಮೀ. ಪಾಸ್.

ಹಾಗಾದರೆ ಮೊಮೆಂಟ್ ಏರಿಯಾ ಯಾಕೆ? ಮೆಕಾಲೆ ಸೋಲುವ ಒಂದು ಜಾಗವಿದೆ: ಬೀಮ್‌ನ ದಪ್ಪ ದಾರಿ ಮಧ್ಯೆ ಬದಲಾದಾಗ. ಅಂದರೆ ಮಧ್ಯಕ್ಕೆ ಪ್ಲೇಟ್ ಬೆಸುಗೆ ಹಾಕಿದ ಗರ್ಡರ್, ಮೆಟ್ಟಿಲಿನ ಹಾಗೆ ದಪ್ಪ ಬದಲಿಸುವ ಶಾಫ್ಟ್. ಇಲ್ಲಿ ಮೊಮೆಂಟ್ ಚಿತ್ರವನ್ನು ಆಯಾ ಭಾಗದ ಇಐಯಿಂದ ಭಾಗಿಸಿ, ತುಂಡುಗಳ ವಿಸ್ತೀರ್ಣ ಮತ್ತು ಕೇಂದ್ರ ತೆಗೆದುಕೊಂಡರೆ ಮುಗಿಯಿತು. ಕ್ಯಾಂಟಿಲಿವರ್‌ಗಂತೂ ಇದಕ್ಕಿಂತ ಚೊಕ್ಕ ವಿಧಾನ ಇನ್ನೊಂದಿಲ್ಲ. ಫಿಕ್ಸ್ ತುದಿಯ ಸ್ಪರ್ಶರೇಖೆ ಅಡ್ಡಲಾಗಿಯೇ ಇರುವುದರಿಂದ ತ್ರಿಕೋನದ ವಿಸ್ತೀರ್ಣ ಪಿಎಲ್²/2, ಅದರ ಕೇಂದ್ರ ತುದಿಯಿಂದ 2ಎಲ್/3. ಗುಣಿಸಿ, ಇಐಯಿಂದ ಭಾಗಿಸಿ. ಪಿಎಲ್³/3ಇಐ ಬಂದೇ ಬಿಟ್ಟಿತು. ಆದರೆ ಎರಡು ಸಪೋರ್ಟ್ ಇರುವ ಬೀಮ್‌ನಲ್ಲಿ ಎಲ್ಲಿಯ ಸ್ಪರ್ಶರೇಖೆ ಅಡ್ಡಲಾಗಿದೆ ಎಂಬುದು ಮೊದಲೇ ಗೊತ್ತಿರುವುದಿಲ್ಲ. ಅಲ್ಲಿ ಜ್ಯಾಮಿತಿ ತಲೆ ತಿನ್ನುತ್ತದೆ.

ಕಾಂಜುಗೇಟ್ ಬೀಮ್ ಕೂಡ ಮೊಮೆಂಟ್ ಏರಿಯಾದ ಇನ್ನೊಂದು ರೂಪವೇ. ಎಂ/ಇಐ (ಮೊಮೆಂಟ್ ಭಾಗಿಸು ಇಐ) ಚಿತ್ರವನ್ನೇ ಲೋಡ್ ಎಂದುಕೊಂಡು ಇನ್ನೊಂದು ಬೀಮ್‌ನ ಶಿಯರ್ (ಅಡ್ಡಕೊಯ್ತದಲ್ಲಿ ಕತ್ತರಿಸುವ ಬಲ) ತೆಗೆದರೆ ಇಳಿಜಾರು, ಮೊಮೆಂಟ್ ತೆಗೆದರೆ ಡಿಫ್ಲೆಕ್ಷನ್. ಸ್ಪರ್ಶರೇಖೆಗಳ ಚಿತ್ರ ಬರೆಯಲು ಕಷ್ಟಪಡುವವರಿಗೆ ಒಳ್ಳೆಯದು. ಆದರೆ ಸಪೋರ್ಟ್‌ಗಳು ಬದಲಾಗುತ್ತವೆ: ಫಿಕ್ಸ್ ತುದಿ ಫ್ರೀ ಆಗಬೇಕು, ಫ್ರೀ ತುದಿ ಫಿಕ್ಸ್ ಆಗಬೇಕು, ನಡುವಿನ ಸಪೋರ್ಟ್ ಹಿಂಜ್ ಆಗಬೇಕು. ಎರಡರಲ್ಲಿ ಒಂದು ಚೆನ್ನಾಗಿ ಬಂದರೆ ಇನ್ನೊಂದು ಬಿಟ್ಟರೂ ನಷ್ಟವಿಲ್ಲ.

ಟ್ರಸ್: ಜಾಯಿಂಟ್ ಹಿಡಿಯಲೋ, ಕತ್ತರಿಸಲೋ?

ಎಲ್ಲ ಮೆಂಬರ್‌ಗಳ ಬಲವೂ ಬೇಕಾದರೆ ಜಾಯಿಂಟ್ ಮೆಥಡ್ (ಒಂದೊಂದೇ ಜಾಯಿಂಟ್‌ನ ಸಮತೋಲನ ಬರೆಯುತ್ತಾ ಹೋಗುವುದು). ಒಂದೆರಡು ಮೆಂಬರ್ ಸಾಕಾದರೆ ಸೆಕ್ಷನ್ ಮೆಥಡ್ (ಟ್ರಸ್ ಕತ್ತರಿಸಿ ಒಂದು ಭಾಗದ ಸಮತೋಲನ ನೋಡುವುದು). ಇಷ್ಟು ಎಲ್ಲ ಪುಸ್ತಕದಲ್ಲೂ ಇದೆ. ಇದಕ್ಕಿಂತ ಮುಖ್ಯವಾದದ್ದೊಂದಿದೆ: ಜಾಯಿಂಟ್ ಮೆಥಡ್‌ನಲ್ಲಿ ತಪ್ಪು ಮುಂದಕ್ಕೆ ಹರಿಯುತ್ತದೆ. ಮೊದಲ ಜಾಯಿಂಟ್‌ನಲ್ಲಿ ಚಿಹ್ನೆ ತಪ್ಪಿದರೆ ಕೊನೆಯವರೆಗೂ ಎಲ್ಲ ತಪ್ಪು. ಸೆಕ್ಷನ್ ಮೆಥಡ್‌ನಲ್ಲಿ ಪ್ರತಿ ಉತ್ತರವೂ ಸ್ವತಂತ್ರ. ಅದಕ್ಕೇ ಜಾಯಿಂಟ್‌ನಿಂದ ಲೆಕ್ಕ ಮಾಡಿ, ನಡುವಿನ ಒಂದು ಮೆಂಬರ್ ಅನ್ನು ಸೆಕ್ಷನ್‌ನಿಂದ ಪರೀಕ್ಷಿಸುವುದು ಒಳ್ಳೆಯ ರೂಢಿ.

ಸೆಕ್ಷನ್ ಮೆಥಡ್ ಇನ್ನೊಂದನ್ನೂ ಕಲಿಸುತ್ತದೆ. ಮೇಲು ಕೆಳಗಿನ ಕಾರ್ಡ್‌ಗಳು (ಟ್ರಸ್‌ನ ಅಂಚಿನ ಉದ್ದ ಮೆಂಬರ್‌ಗಳು) ಸಮಾನಾಂತರವಾಗಿದ್ದರೆ ಟ್ರಸ್ ಒಂದು ಬೀಮ್ ಇದ್ದ ಹಾಗೆ. ಕಾರ್ಡ್‌ನ ಬಲ ಎಂದರೆ ಆ ಜಾಗದ ಮೊಮೆಂಟ್ ಭಾಗಿಸು ಎತ್ತರ. ಡಯಾಗೊನಲ್‌ನ ಲಂಬ ಭಾಗ ಎಂದರೆ ಆ ಪ್ಯಾನೆಲ್‌ನ ಶಿಯರ್. 3 ಮೀಟರಿನ ನಾಲ್ಕು ಪ್ಯಾನೆಲ್, 3 ಮೀಟರ್ ಎತ್ತರದ ಪ್ರ್ಯಾಟ್ ಟ್ರಸ್ (ಒಳ ಡಯಾಗೊನಲ್‌ಗಳು ಮಧ್ಯದ ಕಡೆಗೆ ಇಳಿಯುವ ಬಗೆ) ತೆಗೆದುಕೊಳ್ಳಿ. ಕೆಳಗಿನ ಮೂರು ಒಳ ಜಾಯಿಂಟ್‌ಗಳಲ್ಲಿ ತಲಾ 20 ಕಿಲೋನ್ಯೂಟನ್, ರಿಯಾಕ್ಷನ್ 30. ಮಧ್ಯದ ಮೊಮೆಂಟ್ 30×6 − 20×3 = 120. ಮೇಲಿನ ಕಾರ್ಡ್ 120/3 = 40 ಕಿಲೋನ್ಯೂಟನ್, ಒತ್ತಡ (ಕಂಪ್ರೆಷನ್). ತುದಿಯ ಇಳಿಜಾರು ಮೆಂಬರ್‌ನಲ್ಲಿ 30×√2 = 42.4, ಅದೂ ಒತ್ತಡವೇ. ಇದಿಷ್ಟು ಮನಸ್ಸಲ್ಲೇ ಮಾಡಬಹುದಾದ ಲೆಕ್ಕ. ಜಾಯಿಂಟ್ ದಾರಿಯಲ್ಲಿ ಮೇಲಿನ ಕಾರ್ಡ್ ತಲುಪಲು ಮೂರು ಜಾಯಿಂಟ್ ದಾಟಬೇಕು.

ಟ್ರಸ್‌ನ ಡಿಫ್ಲೆಕ್ಷನ್‌ಗೆ ಬಂದರೆ ಹೆಚ್ಚು ಯೋಚಿಸಬೇಡಿ, ಯೂನಿಟ್ ಲೋಡ್ ಹಿಡಿಯಿರಿ. ಯಾವ ಜಾಯಿಂಟ್ ಎಷ್ಟು ಇಳಿಯುತ್ತದೆ ಎಂದು ಬೇಕೋ ಅಲ್ಲಿ 1 ಎಂಬ ಲೋಡ್ ಹಾಕಿ ಇನ್ನೊಂದು ಸಲ ಬಲಗಳನ್ನು ತೆಗೆಯಿರಿ. ಪ್ರತಿ ಮೆಂಬರ್‌ಗೂ ನಿಜವಾದ ಬಲ, ಯೂನಿಟ್ ಬಲ, ಉದ್ದ ಮೂರನ್ನೂ ಗುಣಿಸಿ ಎಇಯಿಂದ ಭಾಗಿಸಿ ಕೂಡಿಸಿ. ಎ ಎಂದರೆ ಮೆಂಬರ್‌ನ ಅಡ್ಡಕೊಯ್ತದ ವಿಸ್ತೀರ್ಣ. ಕ್ಯಾಸ್ಟಿಗ್ಲಿಯಾನೊನ ಪ್ರಮೇಯವೂ ಕೊನೆಗೆ ಇದೇ ಲೆಕ್ಕಕ್ಕೆ ಬರುತ್ತದೆ. ಆದರೆ ಡಿಫ್ಲೆಕ್ಷನ್ ಬೇಕಾದ ಜಾಗದಲ್ಲಿ ಲೋಡ್ ಇಲ್ಲದಿದ್ದರೆ ಅಲ್ಲೊಂದು ಸುಳ್ಳು ಲೋಡ್ ಹಾಕಿ, ಅದರಿಂದ ಡಿಫರೆನ್ಶಿಯೇಟ್ ಮಾಡಿ, ಆಮೇಲೆ ಸೊನ್ನೆ ಮಾಡಬೇಕು. ಅಷ್ಟು ಸುತ್ತುವ ಬದಲು ಯೂನಿಟ್ ಲೋಡ್ ನೇರ.

ಮೇಲಿನ ಟ್ರಸ್‌ಗೇ ಇದನ್ನು ಹಚ್ಚೋಣ. ಎಲ್ಲ ಮೆಂಬರ್‌ಗಳ ವಿಸ್ತೀರ್ಣವೂ ಒಂದೇ ಎಂದುಕೊಳ್ಳಿ. ಮಧ್ಯದ ಕೆಳ ಜಾಯಿಂಟ್‌ನ ಡಿಫ್ಲೆಕ್ಷನ್ 759.4 ಭಾಗಿಸು ಎಇ. ಇದರಲ್ಲಿ ಕೆಳಗಿನ ಕಾರ್ಡ್‌ನ ಪಾಲು 180, ಮೇಲಿನದು 240. ಉಳಿದ 339.4 ಪೂರ್ತಿ ಡಯಾಗೊನಲ್‌ಗಳದ್ದು! ಲಂಬ ಮೆಂಬರ್‌ಗಳ ಪಾಲು ಸೊನ್ನೆ. ಅಂದರೆ ಬಾಗುವಿಕೆಯ ಶೇಕಡಾ 45ರಷ್ಟು ಡಯಾಗೊನಲ್‌ಗಳಿಂದ ಬಂತು. ವಿಸ್ತೀರ್ಣ 1,500 ಚದರ ಮಿ.ಮೀ. ಆದರೆ ಒಟ್ಟು 2.5 ಮಿ.ಮೀ.

ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಟ್ರಸ್ ಅನ್ನು ಬೀಮ್ ಎಂದುಕೊಂಡು ಕಾರ್ಡ್‌ಗಳಿಂದಲೇ ಐ ತೆಗೆದು ಡಿಫ್ಲೆಕ್ಷನ್ ಅಂದಾಜು ಮಾಡುವ ಶಾರ್ಟ್‌ಕಟ್ ಬಹಳ ಕಡೆ ಬಳಕೆಯಲ್ಲಿದೆ. ಉದ್ದದ, ತೆಳ್ಳನೆಯ ಟ್ರಸ್‌ಗೆ ಅದು ತಕ್ಕಮಟ್ಟಿಗೆ ಸರಿ. ಇಲ್ಲಿಯ ಹಾಗೆ ಉದ್ದ ಎತ್ತರದ ನಾಲ್ಕೇ ಪಟ್ಟು ಇದ್ದರೆ ಅದು ಅರ್ಧದಷ್ಟೇ ಹೇಳಿದ ಹಾಗಾಗುತ್ತದೆ. ಬಲಗಳ ಲೆಕ್ಕದಲ್ಲಿ ಟ್ರಸ್ ಬೀಮ್‌ನ ಹಾಗೆ ನಡೆದುಕೊಂಡರೂ ಡಿಫ್ಲೆಕ್ಷನ್‌ನಲ್ಲಿ ಹಾಗೆ ನಡೆದುಕೊಳ್ಳುವುದಿಲ್ಲ.

ಛಾವಣಿ ಟ್ರಸ್‌ನಲ್ಲಿ ಇನ್ನೊಂದು ಎಚ್ಚರ ಬೇಕು. ಪರ್ಲಿನ್ (ಛಾವಣಿಯ ಹೊದಿಕೆ ಹೊರುವ ಅಡ್ಡಪಟ್ಟಿ) ಜಾಯಿಂಟ್ ಮೇಲೆ ಕೂರದೆ ಎರಡು ಜಾಯಿಂಟ್‌ಗಳ ನಡುವೆ ಕೂತರೆ ರಾಫ್ಟರ್ (ಟ್ರಸ್‌ನ ಮೇಲಿನ ಇಳಿಜಾರು ಮೆಂಬರ್) ಬಾಗುತ್ತದೆ. ಆಗ ಅದು ಬರೀ ಟ್ರಸ್ ಮೆಂಬರ್ ಅಲ್ಲ. ಟ್ರಸ್‌ನ ಬಲದ ಜೊತೆ ಬೀಮ್‌ನ ಮೊಮೆಂಟ್ ಕೂಡ ಹಾಕಿಯೇ ಡಿಸೈನ್ ಮಾಡಬೇಕು.

ಕಂಟಿನ್ಯೂಯಸ್ ಬೀಮ್

ನಡುವೆಯೂ ಸಪೋರ್ಟ್ ಇದ್ದು ಒಂದೇ ಬೀಮ್ ಮುಂದುವರಿದರೆ ಅದು ಕಂಟಿನ್ಯೂಯಸ್. ಎರಡು ಸ್ಪ್ಯಾನ್, 6 ಮೀಟರ್ ಮತ್ತು 4 ಮೀಟರ್, ಎರಡರ ಮೇಲೂ ಮೀಟರಿಗೆ 20 ಕಿಲೋನ್ಯೂಟನ್. ಹೊರ ತುದಿಗಳು ಸಾದಾ ಸಪೋರ್ಟ್. ನಡುವಿನ ಸಪೋರ್ಟ್ ಮೇಲಿನ ಮೊಮೆಂಟ್ ಎಷ್ಟು?

ಕ್ಲಾಪೆರಾನ್ 1857ರಲ್ಲಿ ಕೊಟ್ಟ ಮೂರು ಮೊಮೆಂಟ್ ಸಮೀಕರಣ ಬಳಸಿದರೆ: 2×ಮೊಮೆಂಟ್×(6+4) = 20×(216+64)/4. ಮೊಮೆಂಟ್ 70 ಕಿಲೋನ್ಯೂಟನ್-ಮೀಟರ್. ಒಂದೇ ಸಾಲು.

ಮೊಮೆಂಟ್ ಡಿಸ್ಟ್ರಿಬ್ಯೂಷನ್: ನಡುವಿನ ಸಪೋರ್ಟ್‌ನಲ್ಲಿ ಫಿಕ್ಸ್ ಎಂದುಕೊಂಡರೆ ಎಡಕ್ಕೆ 90, ಬಲಕ್ಕೆ 40. ವ್ಯತ್ಯಾಸ 50. ಬಿಗಿತ 3/6 ಮತ್ತು 3/4, ಅಂದರೆ ಹಂಚಿಕೆ 0.4 ಮತ್ತು 0.6. ಎಡದಿಂದ 20 ಕಳೆಯಿರಿ, ಬಲಕ್ಕೆ 30 ಕೂಡಿಸಿ. ಎರಡೂ ಕಡೆ 70. ಇದೂ ಒಂದೇ ಸುತ್ತು.

ಸ್ಲೋಪ್ ಡಿಫ್ಲೆಕ್ಷನ್ ಹಿಡಿದರೆ ಮೂರು ಸಪೋರ್ಟ್‌ಗಳ ಮೂರು ತಿರುಗುವಿಕೆ, ಮೂರು ಸಮೀಕರಣ. ಅದೇ 70 ಬರುತ್ತದೆ, ಕಾಗದ ಜಾಸ್ತಿ.

ಈ ಲೆಕ್ಕಕ್ಕೆ ಮೊದಲ ಎರಡರಲ್ಲಿ ಯಾವುದಾದರೂ ಸರಿ. ಬೀಮ್ ಮಾತ್ರ ಇದ್ದು ಕಂಬ ಇಲ್ಲದಿದ್ದರೆ ಮೂರು ಮೊಮೆಂಟ್ ಸಮೀಕರಣ ಸೊಗಸು. ಅದು ಫ್ರೇಮ್‌ಗೆ ಹೊಂದುವುದಿಲ್ಲ, ಹಾಗಾಗಿ ಇವೆರಡರಲ್ಲಿ ಒಂದನ್ನೇ ಕಲಿಯುವ ಮನಸ್ಸಿದ್ದರೆ ಮೊಮೆಂಟ್ ಡಿಸ್ಟ್ರಿಬ್ಯೂಷನ್ ಕಲಿಯಿರಿ.

ಸೈಟಿನಲ್ಲಿ ನಿಂತಾಗ ಇವೆರಡೂ ಬೇಡ, ಕಾಂಕ್ರೀಟ್‌ನ ಭಾರತೀಯ ಮಾನಕ ಐಎಸ್ 456:2000ರ ಕೋಷ್ಟಕದ ಗುಣಾಂಕಗಳೇ ಸಾಕು ಎನ್ನುವವರಿದ್ದಾರೆ. ಸಾಕು ನಿಜ, ಆದರೆ ಷರತ್ತು ಓದಿ: ಕನಿಷ್ಠ ಮೂರು ಸ್ಪ್ಯಾನ್ ಇರಬೇಕು, ಸ್ಪ್ಯಾನ್‌ಗಳ ವ್ಯತ್ಯಾಸ ಅತಿ ಉದ್ದದ್ದರ ಶೇಕಡಾ 15 ದಾಟಬಾರದು, ಲೋಡ್ ಸಮನಾಗಿ ಹರಡಿರಬೇಕು. ನಮ್ಮ ಬೀಮ್ ಮೊದಲ ಎರಡು ಷರತ್ತುಗಳಲ್ಲೇ ಬಿದ್ದುಹೋಯಿತು.

ಸಪೋರ್ಟ್ ಕುಸಿದರೆ? ಡಿಟರ್ಮಿನೇಟ್ ಬೀಮ್‌ಗೆ ಅದರಿಂದ ಹೊಸ ಮೊಮೆಂಟ್ ಬರುವುದಿಲ್ಲ. ಇದಕ್ಕೆ ಬರುತ್ತದೆ. ಐಎಸ್‌ಎಂಬಿ 300 ಎಂದುಕೊಂಡು ನಡುವಿನ ಸಪೋರ್ಟ್ 10 ಮಿ.ಮೀ. ಇಳಿಯಿತು ಎಂದಿಟ್ಟುಕೊಳ್ಳಿ. 70 ಇದ್ದದ್ದು 48.5ಕ್ಕೆ ಬೀಳುತ್ತದೆ. ಖುಷಿಪಡಬೇಡಿ, ಉದ್ದದ ಸ್ಪ್ಯಾನ್‌ನೊಳಗಿನ ಗರಿಷ್ಠ ಮೊಮೆಂಟ್ 58.4ರಿಂದ 67.4ಕ್ಕೆ ಏರುತ್ತದೆ. ಬರೀ ಒಂದು ಸೆಂಟಿಮೀಟರ್‌ಗೆ ಇಷ್ಟು. ಒಂದು ಕಡೆ ಗಟ್ಟಿ ನೆಲ, ಇನ್ನೊಂದು ಕಡೆ ತುಂಬಿದ ಮಣ್ಣು ಇರುವ ಸೈಟ್‌ನಲ್ಲಿ ಈ ಲೆಕ್ಕ ಬಿಡಬಾರದು. ಸಪೋರ್ಟ್ ಕುಸಿತದ ಪ್ರಶ್ನೆಗೆ ಸ್ಲೋಪ್ ಡಿಫ್ಲೆಕ್ಷನ್ ಅತಿ ಸ್ಪಷ್ಟ, ಯಾಕೆಂದರೆ ಕುಸಿತ ಅದರ ಸಮೀಕರಣದೊಳಗೇ ಒಂದು ಪದವಾಗಿ ಕೂತಿದೆ.

ಫ್ರೇಮ್: ಪಕ್ಕಕ್ಕೆ ಸರಿಯುತ್ತದೆಯೇ?

ಫ್ರೇಮ್‌ನಲ್ಲಿ ವಿಧಾನ ನಿರ್ಧರಿಸುವುದು ಮುಖ್ಯವಾಗಿ ಈ ಪ್ರಶ್ನೆ. ಫ್ರೇಮ್ ಕೂಡ, ಲೋಡ್ ಕೂಡ ಎಡಬಲಕ್ಕೆ ಸಮ ಇದ್ದರೆ ಸರಿಯುವುದಿಲ್ಲ. ಬುಡ ಫಿಕ್ಸ್ ಆದ ಒಂದು ಬೇ ಪೋರ್ಟಲ್ ಫ್ರೇಮ್‌ಗೆ ಸ್ಲೋಪ್ ಡಿಫ್ಲೆಕ್ಷನ್‌ನಲ್ಲಿ ಮೂರು ಅಜ್ಞಾತಗಳು. ಸಮತೆ ಬಳಸಿದರೆ ಒಂದೇ! ಸರಿಯುವಿಕೆ ಸೊನ್ನೆ, ಎರಡು ಜಾಯಿಂಟ್‌ಗಳ ತಿರುಗುವಿಕೆ ಒಂದಕ್ಕೊಂದು ವಿರುದ್ಧ. ಸಮತೆ ಇದೆಯೇ ಎಂದು ಹುಡುಕದೆ ಲೆಕ್ಕ ಶುರು ಮಾಡುವವರು ಸುಮ್ನೆ ಒದ್ದಾಡುತ್ತಾರೆ.

ಜಾರ್ಜ್ ಮೇನಿ 1915ರಲ್ಲಿ ಪ್ರಕಟಿಸಿದ ಸ್ಲೋಪ್ ಡಿಫ್ಲೆಕ್ಷನ್‌ನ ತೊಂದರೆ ಒಂದೇ: ಅಜ್ಞಾತಗಳಷ್ಟೇ ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕು. ಮೂರರವರೆಗೆ ಸರಿ, ಆಮೇಲೆ ಹಿಂಸೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದು ದೊಡ್ಡ ಗೋಡೆ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಹಾರ್ಡಿ ಕ್ರಾಸ್ 1930ರಲ್ಲಿ ಹತ್ತು ಪುಟದ ಲೇಖನದಲ್ಲಿ ಇದನ್ನು ಒಡೆದರು. ಸಮೀಕರಣ ಬಿಡಿಸುವುದೇ ಬೇಡ, ಎಲ್ಲ ಜಾಯಿಂಟ್ ಲಾಕ್ ಮಾಡಿ, ಒಂದೊಂದಾಗಿ ಬಿಡಿಸಿ, ಉಳಿದ ಮೊಮೆಂಟ್ ಹಂಚುತ್ತಾ ಹೋಗಿ ಎಂದರು. ಕೂಡುವುದು, ಗುಣಿಸುವುದು ಬಂದರೆ ಸಾಕು. ಎಷ್ಟು ನಿಖರತೆ ಬೇಕೋ ಅಷ್ಟಕ್ಕೆ ನಿಲ್ಲಿಸಬಹುದು. ಮುಂದಿನ ಮೂರು ದಶಕ ಜಗತ್ತಿನ ಡಿಸೈನ್ ಆಫೀಸುಗಳಲ್ಲಿ ನಡೆದದ್ದು ಇದೇ.

ಇದರ ದೌರ್ಬಲ್ಯ ಸರಿಯುವ ಫ್ರೇಮ್. ಮೊದಲು ಸರಿಯದಂತೆ ತಡೆದು ಒಂದು ಲೆಕ್ಕ, ಆಮೇಲೆ ಬೇಕೆಂದೇ ಸರಿಸಿ ಇನ್ನೊಂದು ಲೆಕ್ಕ, ಎರಡನ್ನೂ ತಕ್ಕ ಪ್ರಮಾಣದಲ್ಲಿ ಕೂಡಿಸಬೇಕು. ಎರಡು ಮಹಡಿ ಇದ್ದರೆ ಮೂರು ಲೆಕ್ಕ, ಮೂರು ಮಹಡಿಗೆ ನಾಲ್ಕು. ಗ್ಯಾಸ್ಪರ್ ಕಾನಿ 1940ರ ದಶಕದಲ್ಲಿ ಕೊಟ್ಟ ವಿಧಾನದಲ್ಲಿ ಸರಿಯುವಿಕೆಯೂ ಅದೇ ಸುತ್ತಿನೊಳಗೆ ಸೇರಿಕೊಳ್ಳುತ್ತದೆ. ಇನ್ನೊಂದು ಅನುಕೂಲವೂ ಇದೆ: ನಡುವೆ ಒಂದು ಸುತ್ತಿನಲ್ಲಿ ತಪ್ಪಾದರೂ ಮುಂದಿನ ಸುತ್ತುಗಳು ಅದನ್ನು ತಾವೇ ತಿದ್ದಿಕೊಳ್ಳುತ್ತವೆ, ಫಿಕ್ಸ್ ಎಂಡ್ ಮೊಮೆಂಟ್ ಮತ್ತು ಹಂಚಿಕೆ ಸರಿ ಇದ್ದರೆ. ನಮ್ಮ ಕಾಲೇಜುಗಳಲ್ಲಿ ಇದನ್ನು ಈಗಲೂ ಪ್ರೀತಿಯಿಂದ ಕಲಿಸುತ್ತಾರೆ. ನೇರವಾಗಿ ಹೇಳಬೇಕೆಂದರೆ, ಪರೀಕ್ಷೆಯ ಆಚೆ ಕಾನಿ ವಿಧಾನದಲ್ಲಿ ಕೈಯಾರೆ ಫ್ರೇಮ್ ಬಿಡಿಸುವ ಸಂದರ್ಭ ಇವತ್ತು ಬರುವುದಿಲ್ಲ. ಬಹುಮಹಡಿ ಫ್ರೇಮ್ ಎಂದ ಕೂಡಲೇ ಕಂಪ್ಯೂಟರ್ ಬರುತ್ತದೆ.

ಇವತ್ತಿಗೂ ಉಪಯೋಗಕ್ಕೆ ಬರುವುದು ಅದಕ್ಕಿಂತ ಒರಟಾದ ಪೋರ್ಟಲ್ ವಿಧಾನ. ಗಾಳಿ ಅಥವಾ ಭೂಕಂಪದ ಅಡ್ಡಬಲಕ್ಕೆ ಪ್ರತಿ ಕಂಬದ, ಪ್ರತಿ ಬೀಮ್‌ನ ನಟ್ಟನಡುವಿನ ಬಿಂದುವಿನಲ್ಲಿ ಮೊಮೆಂಟ್ ಸೊನ್ನೆ ಎಂದುಕೊಳ್ಳಿ. ಒಳಗಿನ ಕಂಬ ಹೊರಗಿನದರ ಎರಡರಷ್ಟು ಶಿಯರ್ ಹೊರುತ್ತದೆ ಎಂದುಕೊಳ್ಳಿ. ನಾಲ್ಕು ಕಂಬಗಳ ಮಹಡಿಗೆ 120 ಕಿಲೋನ್ಯೂಟನ್ ಬಂದರೆ ಹಂಚಿಕೆ 20, 40, 40, 20. ಮಹಡಿ ಎತ್ತರ 3 ಮೀಟರ್ ಆದರೆ ಹೊರ ಕಂಬದ ಮೊಮೆಂಟ್ 30, ಒಳಗಿನದು 60. ಇದರಿಂದ ಡಿಸೈನ್ ಮಾಡಬೇಡಿ. ಸಾಫ್ಟ್‌ವೇರ್ 58 ಎಂದರೆ ನೆಮ್ಮದಿ, 6 ಎಂದರೆ ಅಥವಾ 600 ಎಂದರೆ ಫೈಲ್ ಮತ್ತೆ ತೆರೆಯಿರಿ. ಕೆಳಮಹಡಿಯಲ್ಲಿ ಬುಡ ಫಿಕ್ಸ್ ಇದ್ದರೆ ಸೊನ್ನೆ ಬಿಂದು ನಡುವಿಗಿಂತ ಮೇಲೆ ಹೋಗುತ್ತದೆ, ಅಲ್ಲಿ ಅಂದಾಜು ಇನ್ನಷ್ಟು ಒರಟು.

ಸಾಫ್ಟ್‌ವೇರ್ ಇರುವಾಗ

ಸ್ಟಾಡ್ ಪ್ರೊ, ಎಟ್ಯಾಬ್ಸ್, ಸ್ಯಾಪ್ 2000 ಎಲ್ಲದರ ಹೊಟ್ಟೆಯೊಳಗೆ ಇರುವುದು ಸ್ಟಿಫ್‌ನೆಸ್ ಮ್ಯಾಟ್ರಿಕ್ಸ್. ಮೂಲದಲ್ಲಿ ಅದು ಸ್ಲೋಪ್ ಡಿಫ್ಲೆಕ್ಷನ್ನೇ, ಸಾವಿರಾರು ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬಲ್ಲ ಯಂತ್ರದ ಕೈಗೆ ಸಿಕ್ಕಿದ್ದು. ಆದ್ದರಿಂದ ಕೈಲೆಕ್ಕದ ವಿಧಾನಗಳಲ್ಲಿ ಒಂದನ್ನು ಆಳವಾಗಿ ಕಲಿಯಬೇಕಾದರೆ, ಪರೀಕ್ಷೆಗೆ ಯಾವುದು ಸುಲಭವೋ ಅದಲ್ಲ, ಸ್ಲೋಪ್ ಡಿಫ್ಲೆಕ್ಷನ್ ಕಲಿಯಿರಿ ಎಂಬುದು ನನ್ನ ಸಲಹೆ. ಸಾಫ್ಟ್‌ವೇರ್ ಏನು ಮಾಡುತ್ತಿದೆ ಎಂದು ಅದರಿಂದಲೇ ಅರ್ಥವಾಗುವುದು.

ಬಹುಮಹಡಿ ಕಟ್ಟಡಕ್ಕೆ ಎಟ್ಯಾಬ್ಸ್, ಕಾರ್ಖಾನೆ ಶೆಡ್ ಮತ್ತು ಉಕ್ಕಿನ ಕೆಲಸಕ್ಕೆ ಸ್ಟಾಡ್ ಎಂಬುದು ನಮ್ಮಲ್ಲಿ ಸಾಮಾನ್ಯ ರೂಢಿ. ವಿದ್ಯಾರ್ಥಿಗಳಿಗೆ ಎರಡೂ ಭಾರ. ಕೈಲೆಕ್ಕ ತಾಳೆ ನೋಡಲು ಎಫ್‌ಟೂಲ್ ಎಂಬ 2ಡಿ ಪ್ರೋಗ್ರಾಂ ಹೇಳಿ ಮಾಡಿಸಿದ ಹಾಗಿದೆ. ಬ್ರೆಜಿಲ್‌ನ ರಿಯೊದಲ್ಲಿರುವ ಪಿಯುಸಿಯಲ್ಲಿ ಬೆಳೆದದ್ದು (ಅದು ವಿಶ್ವವಿದ್ಯಾಲಯ, ನಮ್ಮ ಪಿಯುಸಿ ಅಲ್ಲ). ಪೈಥಾನ್ ಬರುವವರಿಗೆ ಉಚಿತ ಲೈಬ್ರರಿಗಳೂ ಇವೆ.

ಸಾಫ್ಟ್‌ವೇರ್ ಕೊಡುವ ಬಲಗಳನ್ನು ಒಂದು ಸಣ್ಣ ಲೆಕ್ಕದಿಂದ ಹಿಡಿಯಬಹುದು. ಸಮನಾಗಿ ಹರಡಿದ ಲೋಡ್ ಇರುವ ಯಾವುದೇ ಬೀಮ್ ಆರಿಸಿ. ಎರಡು ತುದಿಗಳ ಮೊಮೆಂಟ್‌ನ ಸರಾಸರಿ ತೆಗೆದು, ಮಧ್ಯದ ಮೊಮೆಂಟ್‌ಗೆ ಕೂಡಿಸಿ. ಮೊತ್ತ ಡಬ್ಲ್ಯುಎಲ್²/8 ಬರಲೇಬೇಕು. ಫ್ರೇಮ್ ಎಷ್ಟೇ ಜಟಿಲವಾಗಿರಲಿ, ಇದು ಬರೀ ಸಮತೋಲನ. ಬರದಿದ್ದರೆ ನೀವಂದುಕೊಂಡ ಲೋಡ್ ಆ ಬೀಮ್ ಮೇಲೆ ಇಲ್ಲ.

ಕಾಂಕ್ರೀಟ್ ಡಿಫ್ಲೆಕ್ಷನ್ ವಿಷಯದಲ್ಲಿ ಮಾತ್ರ ಸಾಫ್ಟ್‌ವೇರ್ ಅನ್ನು ಸುಲಭಕ್ಕೆ ನಂಬಬೇಡಿ. ಮಾಮೂಲಿ ಲೀನಿಯರ್ ಅನಾಲಿಸಿಸ್ ಕೊಡುವುದು ಲೋಡ್ ಬಿದ್ದ ಕ್ಷಣದ ಬಾಗುವಿಕೆ, ಅದೂ ಬಿರುಕಿಲ್ಲದ ಪೂರ್ತಿ ಸೆಕ್ಷನ್‌ಗೆ. ನಿಜವಾದ ಬೀಮ್ ಬಿರುಕು ಬಿಡುತ್ತದೆ, ಆಮೇಲೆ ವರ್ಷಗಟ್ಟಲೆ ಕ್ರೀಪ್ ಆಗುತ್ತದೆ, ಅಂದರೆ ಲೋಡ್ ಅಷ್ಟೇ ಇದ್ದರೂ ನಿಧಾನವಾಗಿ ಬಾಗುತ್ತಾ ಹೋಗುತ್ತದೆ. ಐಎಸ್ 456ರಲ್ಲಿ 28 ದಿನಕ್ಕೆ ಲೋಡ್ ಹಾಕಿದರೆ ಕ್ರೀಪ್ ಗುಣಾಂಕ 1.6, ಏಳೇ ದಿನಕ್ಕೆ ಹಾಕಿದರೆ 2.2. ಆತುರಕ್ಕೆ ಬಿದ್ದು ಪ್ರಾಪ್ (ತಾತ್ಕಾಲಿಕ ಆಸರೆ ಕಂಬ) ಬೇಗ ತೆಗೆಯುವವರು ಈ ಎರಡು ಸಂಖ್ಯೆ ನೋಡಬೇಕು. ಅಂತಿಮ ಮಿತಿ ಸ್ಪ್ಯಾನ್‌ನ 250ನೇ ಒಂದು ಭಾಗ. ಗೋಡೆ, ಫಿನಿಶ್ ಆದ ಮೇಲಿನ ಬಾಗುವಿಕೆಗೆ 350ನೇ ಒಂದು ಭಾಗ ಅಥವಾ 20 ಮಿ.ಮೀ., ಯಾವುದು ಕಡಿಮೆಯೋ ಅದು. ಭೂಕಂಪದ ಲೆಕ್ಕಕ್ಕೆ ಐಎಸ್ 1893:2016 ಬೀಮ್‌ನ ಐ ಅನ್ನು 0.35 ಪಟ್ಟಿಗೆ, ಕಂಬದ್ದನ್ನು 0.7 ಪಟ್ಟಿಗೆ ಇಳಿಸಲು ಹೇಳುತ್ತದೆ. ಹಾಕದೆ ಹೋದರೆ ಕಟ್ಟಡ ಪರದೆ ಮೇಲೆ ಮಾತ್ರ ಗಟ್ಟಿ.

ಉಕ್ಕಿನಲ್ಲಿ ಕೈಲೆಕ್ಕ ಮತ್ತು ಸಾಫ್ಟ್‌ವೇರ್ ಹತ್ತಿರ ಬರಲೇಬೇಕು. ಮೊದಲಿನ 6 ಮೀಟರ್ ಬೀಮ್‌ಗೆ ಮಧ್ಯದಲ್ಲಿ ಕೈಲೆಕ್ಕ 13.4 ಮಿ.ಮೀ. ಸಾಫ್ಟ್‌ವೇರ್ 13.7 ತೋರಿಸಬಹುದು. ತಪ್ಪೇನೂ ಆಗಿಲ್ಲ, ಶಿಯರ್‌ನಿಂದ ಬರುವ ಸುಮಾರು 0.35 ಮಿ.ಮೀ. ಅನ್ನು ಅದು ಸೇರಿಸಿದೆ, ಮೆಕಾಲೆ ಸೇರಿಸುವುದಿಲ್ಲ. ಆದರೆ 250 ಮಿ.ಮೀ. ಎಂದು ತೋರಿಸಿದರೆ ಬೀಮ್ ಅಡ್ಡ ಮಲಗಿದೆ ಎಂದರ್ಥ. ಐಎಸ್‌ಎಂಬಿ 300ರ ದುರ್ಬಲ ಅಕ್ಷದ ಐ ಸುಮಾರು 454 ಸೆಂ.ಮೀ⁴, ಬಲವಾದದ್ದಕ್ಕಿಂತ 19 ಪಟ್ಟು ಕಡಿಮೆ. 3ಡಿ ನೋಟದಲ್ಲಿ ಸೆಕ್ಷನ್ ಚಿತ್ರ ಆನ್ ಮಾಡಿ ನೋಡಿದರೆ ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ. ಬೀಟಾ ಆಂಗಲ್ (ಸೆಕ್ಷನ್ ತನ್ನ ಉದ್ದದ ಅಕ್ಷದ ಸುತ್ತ ತಿರುಗಿರುವ ಕೋನ) 90 ಡಿಗ್ರಿ ತಿರುಗಿಸಿ, ಮತ್ತೆ ರನ್ ಮಾಡಿ.